ಗೊತ್ತಿರುವ ಪದ, ಗೊತ್ತಿರದ ಮಾತು

(ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಪದವಿ ತರಗತಿಯ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ದಿನಬಳಕೆಯ ಇಂಗ್ಲಿಷ್ ನುಡಿಗಟ್ಟುಗಳನ್ನು ಕಲಿಯುವುದು ಹೇಗೆ ಎಂಬುದು ಇಂದು ನನಗೆ ಕೊಟ್ಟಿರುವ ವಿಷಯ. ನಾನು ಇಂಗ್ಲಿಷ್ ಪ್ರಾಧ್ಯಾಪಕನಲ್ಲ, ಪತ್ರಿಕೆಯ ವರದಿಗಾರ. ಆದರೆ ಸುದ್ದಿಮನೆಯಲ್ಲಿ ಕುಳಿತವರು ಈ ವಿಷಯದಿಂದ ತಪ್ಪಿಸಿಕೊಳ್ಳುವಂತಿಲ್ಲ. ಇಂಗ್ಲಿಷಿನಲ್ಲಿ ಬರುವ ಸುದ್ದಿಯನ್ನು ದಿನವೂ ಕನ್ನಡಕ್ಕೆ ತರುವಾಗ ದೊಡ್ಡ ದೊಡ್ಡ ಶಬ್ದಗಳು ಅಷ್ಟೇನೂ ಕಾಡುವುದಿಲ್ಲ. ಅವುಗಳಿಗೆ ನಿಘಂಟು ಇದೆ. ಕಾಡುವುದು ಪ್ರಾಥಮಿಕ ಶಾಲೆಯ ಮಗುವಿಗೂ ಗೊತ್ತಿರುವ ಸಣ್ಣ ಶಬ್ದಗಳು. ಅವು ಒಟ್ಟಿಗೆ ಸೇರಿದಾಗ ಬೇರೇನನ್ನೋ ಹೇಳುತ್ತವೆ.

ಒಂದು ಉದಾಹರಣೆ ನೋಡೋಣ. ಕಚೇರಿಯಲ್ಲಿ ಸಂಜೆ ಆರು ಗಂಟೆ. ಮೇಲಧಿಕಾರಿ ಕಡತ ಮುಚ್ಚಿ 'ಲೆಟ್ಸ್ ಕಾಲ್ ಇಟ್ ಎ ಡೇ' ಎನ್ನುತ್ತಾರೆ. ಕಾಲ್ ಎಂದರೆ ಕರೆ, ಡೇ ಎಂದರೆ ದಿನ. ಎರಡೂ ನಮಗೆ ಗೊತ್ತು. ಆದರೆ 'ಇವತ್ತಿಗೆ ಇಷ್ಟು ಸಾಕು, ಏಳೋಣ' ಎಂಬ ಅರ್ಥ ಆ ಎರಡು ಪದಗಳನ್ನು ಎಷ್ಟು ಹಿಂಡಿದರೂ ಸಿಕ್ಕುವುದಿಲ್ಲ. 'ಐ ಆಮ್ ಅಂಡರ್ ದ ವೆದರ್' ಎಂದು ಸಹೋದ್ಯೋಗಿ ಹೇಳಿದರೆ ಆತ ಹವಾಮಾನದ ಮಾತಾಡುತ್ತಿಲ್ಲ, ಮೈಗೆ ಹುಷಾರಿಲ್ಲ ಎನ್ನುತ್ತಿದ್ದಾನೆ.

ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಮಂದಿ ಇಂಗ್ಲಿಷ್ ವ್ಯಾಕರಣದಲ್ಲಿ ಹಿಂದೆ ಬೀಳುವವರಲ್ಲ. ಕಾಲ, ವಚನ, ಕರ್ಮಣಿ ಪ್ರಯೋಗ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆಯಬಲ್ಲರು. ಆದರೆ ಸಂದರ್ಶನದ ಕೊಠಡಿಯಲ್ಲಿ, ಕೆಲಸಕ್ಕೆ ಸೇರಿದ ಮೊದಲ ವಾರದ ಸಭೆಯಲ್ಲಿ ಇಂಥ ಒಂದು ಮಾತು ಕಿವಿಗೆ ಬಿದ್ದಾಗ ಗಲಿಬಿಲಿಗೊಳ್ಳುತ್ತಾರೆ. ಅರ್ಥವಾಗಲಿಲ್ಲ ಎನ್ನಲು ಸಂಕೋಚ. ಸುಮ್ಮನೆ ನಕ್ಕು ತಲೆಯಾಡಿಸುತ್ತಾರೆ. ಕ್ರಮೇಣ ಬಾಯಿ ತೆರೆಯುವುದನ್ನೇ ಕಡಿಮೆ ಮಾಡುತ್ತಾರೆ. ವಿಷಯ ಬಲ್ಲವರು ಹಿಂದಿನ ಸಾಲಿನಲ್ಲಿ ಉಳಿದು, ಮಾತು ಬಲ್ಲವರು ಮುಂದೆ ಹೋಗುವುದು ಹೀಗೆ.

ಇದಕ್ಕೆ ಮದ್ದೆಂದು ಹಲವರು ನುಡಿಗಟ್ಟುಗಳ ಪಟ್ಟಿಯಿರುವ ಪುಸ್ತಕ ಕೊಂಡು ದಿನಕ್ಕೆ ಇಪ್ಪತ್ತರಂತೆ ಬಾಯಿಪಾಠ ಮಾಡುತ್ತಾರೆ. ಅದರಿಂದ ಪ್ರಯೋಜನ ತೀರಾ ಕಡಿಮೆ ಎಂದು ಹೇಳುವುದೇ ನನ್ನ ಇಂದಿನ ಉದ್ದೇಶ. ಒಂದು ನುಡಿಗಟ್ಟು ಯಾವ ಕಸುಬಿನಲ್ಲಿ ಹುಟ್ಟಿತು, ಇಂದು ಅದನ್ನು ಯಾರು ಯಾರಿಗೆ ಹೇಳುತ್ತಾರೆ - ಈ ಎರಡು ಸಂಗತಿ ತಿಳಿದಾಗ ಮಾತ್ರ ಅದು ನಮ್ಮದಾಗುತ್ತದೆ.

ಮೂರು ಬಗೆಯ ಕಿಚ್ಚು

ನುಡಿಗಟ್ಟು ಎಂದರೇನು ಎಂಬುದನ್ನು ಇಂಗ್ಲಿಷಿನಿಂದ ಕಲಿಯಬೇಕಾಗಿಲ್ಲ. ನಮ್ಮ ಮನೆಮಾತಿನಲ್ಲೇ ಅದು ತುಂಬಿಕೊಂಡಿದೆ. 'ಹೊಟ್ಟೆಕಿಚ್ಚು' ಎನ್ನುತ್ತೇವೆ. ಹೊಟ್ಟೆಯೂ ಇದೆ, ಕಿಚ್ಚೂ ಇದೆ, ಆದರೆ ಅರ್ಥ ಮತ್ಸರ. ಈಗ ಅದೇ ಎರಡು ಪದಗಳಿಗೆ ಸಮಾನಾರ್ಥಕ ಹಾಕಿ 'ಜಠರಾಗ್ನಿ' ಎನ್ನಿ. ಮತ್ಸರ ಮಾಯವಾಗಿ ಹಸಿವು ಬಂದು ಕೂರುತ್ತದೆ. ನುಡಿಗಟ್ಟಿನ ಮೊದಲ ನಿಯಮ ಇದು: ಒಳಗಿನ ಪದವನ್ನು ಬದಲಿಸಿದರೆ ಅದು ಒಡೆದುಹೋಗುತ್ತದೆ.

ಇನ್ನು ಇಂಗ್ಲಿಷಿಗೆ ಬನ್ನಿ. ಅಲ್ಲಿ 'ಫೈರ್ ಇನ್ ದ ಬೆಲ್ಲಿ' ಎಂಬ ಮಾತಿದೆ. ಅಕ್ಷರಶಃ ಹೊಟ್ಟೆಯೊಳಗಿನ ಕಿಚ್ಚೇ. ಆದರೆ ಅರ್ಥ ಮತ್ಸರವೂ ಅಲ್ಲ, ಹಸಿವೂ ಅಲ್ಲ. ಏನನ್ನಾದರೂ ಸಾಧಿಸಲೇಬೇಕೆಂಬ ಛಲ. 'ಈ ಅಭ್ಯರ್ಥಿಯ ಹೊಟ್ಟೆಯಲ್ಲಿ ಬೆಂಕಿ ಇದೆ' ಎಂದು ಸಂದರ್ಶಕರು ಇಂಗ್ಲಿಷಿನಲ್ಲಿ ಹೇಳಿದರೆ ಅದು ಹೊಗಳಿಕೆ. ಕನ್ನಡದ ಕಿವಿಯಲ್ಲಿ ಕೇಳಿಸಿಕೊಂಡರೆ ಬೈಗುಳ.

ಇಂಥ ಇನ್ನೊಂದು ಬಲೆ 'ಕೈ ಕೊಡು' ಎಂಬುದು. ಕನ್ನಡದಲ್ಲಿ ಗೆಳೆಯ ಕೈಕೊಟ್ಟ ಎಂದರೆ ನಂಬಿಸಿ ಮೋಸ ಮಾಡಿದ ಎಂದರ್ಥ. ಇಂಗ್ಲಿಷಿನಲ್ಲಿ 'ಗಿವ್ ಮಿ ಎ ಹ್ಯಾಂಡ್' ಎಂದರೆ ಸ್ವಲ್ಪ ನೆರವು ಕೊಡು ಎಂದು. ಇಲ್ಲಿ 'ಎ' ಎಂಬ ಸಣ್ಣ ಪದದ ಮೇಲೂ ಕಣ್ಣಿರಲಿ. ಅದನ್ನು ತೆಗೆದು 'ಗಿವ್ ಮಿ ಯುವರ್ ಹ್ಯಾಂಡ್' ಎಂದರೆ ನೆರವು ಹೋಗಿ ನಿಜವಾದ ಕೈ ಮಾತ್ರ ಉಳಿಯುತ್ತದೆ. ಸಭೆಯಲ್ಲಿ ನಿರೂಪಕರು 'ಗಿವ್ ಹರ್ ಎ ಬಿಗ್ ಹ್ಯಾಂಡ್' ಎಂದರೆ ಜೋರಾಗಿ ಚಪ್ಪಾಳೆ ತಟ್ಟಿ ಎಂದರ್ಥ. 'ಪುಲ್ಲಿಂಗ್ ಮೈ ಲೆಗ್' ಎಂದರೆ ತಮಾಷೆ ಮಾಡುವುದು. ಎಳೆಯುವುದು ಒಂದೇ ಕಾಲನ್ನು. 'ಲೆಗ್ಸ್' ಎಂದು ಎರಡೂ ಕಾಲು ಎಳೆದರೆ ಮಾತು ಮುಗ್ಗರಿಸುತ್ತದೆ.

ಹಾಗೆಂದು ಕನ್ನಡ ಯಾವಾಗಲೂ ಅಡ್ಡಿ ಎಂದು ಭಾವಿಸಬೇಡಿ. ಅಪರೂಪಕ್ಕೊಮ್ಮೆ ಎನ್ನಲು ಇಂಗ್ಲಿಷಿನವರು 'ಒನ್ಸ್ ಇನ್ ಎ ಬ್ಲೂ ಮೂನ್' ಎನ್ನುತ್ತಾರೆ. ನಾವು 'ಅಮಾವಾಸ್ಯೆಗೋ ಹುಣ್ಣಿಮೆಗೋ' ಎನ್ನುತ್ತೇವೆ. ಇಬ್ಬರೂ ನೋಡುವುದು ಚಂದ್ರನನ್ನೇ. ಅವರ 'ಪೀಸ್ ಆಫ್ ಕೇಕ್' ನಮ್ಮಲ್ಲಿ 'ನೀರು ಕುಡಿದಷ್ಟು ಸುಲಭ'. ಅವರದು 'ಟರ್ನ್ ಎ ಬ್ಲೈಂಡ್ ಐ', ನಮ್ಮದು 'ಜಾಣ ಕುರುಡು'. ಹೊಸ ನುಡಿಗಟ್ಟು ಕಂಡಾಗಲೆಲ್ಲ ಅದರ ಕನ್ನಡ ಜೋಡಿಯನ್ನು ಹುಡುಕಿ. ಜೋಡಿ ಸಿಕ್ಕಿದರೆ ಅದು ಮರೆಯುವುದಿಲ್ಲ. ಸಿಕ್ಕದಿದ್ದರೆ, ಇಲ್ಲಿ ಎಚ್ಚರವಾಗಿರಬೇಕು ಎಂದು ತಿಳಿಯುತ್ತದೆ.

ಹಡಗಿನ ಹಗ್ಗ, ರಂಗದ ಸುಣ್ಣ

ಜನ ಯಾವ ಕೆಲಸ ಮಾಡುತ್ತಾರೋ ಅದರಿಂದಲೇ ಅವರ ಮಾತು ಹುಟ್ಟುತ್ತದೆ. ನಮ್ಮ ನುಡಿಗಟ್ಟುಗಳಲ್ಲಿ ಹೊಲ ಮತ್ತು ಗರಡಿಮನೆ ಎದ್ದು ಕಾಣುತ್ತವೆ. ಸಂಸಾರದ ನೊಗ ಹೊರುತ್ತೇವೆ, ಗಾಣದ ಎತ್ತಿನಂತೆ ದುಡಿಯುತ್ತೇವೆ. ಚುನಾವಣೆ ಬಂದರೆ ಅಭ್ಯರ್ಥಿಗಳು ಅಖಾಡಕ್ಕಿಳಿದು, ತೊಡೆ ತಟ್ಟಿ, ಕೊನೆಗೆ ಮಣ್ಣು ಮುಕ್ಕುತ್ತಾರೆ. ಬ್ರಿಟನ್ ದ್ವೀಪ. ಅಲ್ಲಿನವರಿಗೆ ಹೊಲದಷ್ಟೇ ಕಡಲೂ ಕೆಲಸದ ಜಾಗವಾಗಿತ್ತು.

ಹಾಯಿಹಡಗಿನಲ್ಲಿ ಲೆಕ್ಕವಿಲ್ಲದಷ್ಟು ಹಗ್ಗಗಳು. ಯಾವುದನ್ನು ಎಳೆದರೆ ಯಾವ ಹಾಯಿ ಏರುತ್ತದೆ ಎಂದು ತಿಳಿಯದ ಹೊಸ ನಾವಿಕ ನಿಷ್ಪ್ರಯೋಜಕ. ಆದ್ದರಿಂದ 'ಲರ್ನ್ ದ ರೋಪ್ಸ್' ಎಂದರೆ ಕೆಲಸದ ಒಳಹೊರಗನ್ನು ತಿಳಿಯುವುದು. ಹೊಸ ಉದ್ಯೋಗಿಗೆ ಇಂದಿಗೂ ಹೇಳುವ ಮಾತು ಇದು. ಗಾಳಿಗೆ ಎದುರಾಗಿ ಸಾಗುವುದು 'ಬೈ', ಗಾಳಿಯ ಬೆಂಬಲದಿಂದ ಸಾಗುವುದು 'ಲಾರ್ಜ್'. ಎರಡೂ ಬಗೆಯಲ್ಲಿ ಚೆನ್ನಾಗಿ ನಡೆಯುವ ಹಡಗು ಒಳ್ಳೆಯ ಹಡಗು. ಅದರಿಂದಲೇ 'ಬೈ ಅಂಡ್ ಲಾರ್ಜ್' ಎಂಬುದಕ್ಕೆ 'ಒಟ್ಟಾರೆಯಾಗಿ' ಎಂಬ ಅರ್ಥ ಬಂತು.

ಮೇಲೆ ಹೇಳಿದ 'ಬ್ಲೈಂಡ್ ಐ' ಕೂಡ ನೌಕಾಪಡೆಯ ಕಥೆಯೊಂದಿಗೆ ಬೆಸೆದುಕೊಂಡಿದೆ. ಅಡ್ಮಿರಲ್ ನೆಲ್ಸನ್ 1794ರಲ್ಲಿ ಕಾರ್ಸಿಕಾ ದ್ವೀಪದ ಕಾಳಗದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡಿದ್ದ. 1801ರ ಕೋಪನ್‌ಹೇಗನ್ ಕದನದಲ್ಲಿ ಹೋರಾಟ ನಿಲ್ಲಿಸುವಂತೆ ಮೇಲಧಿಕಾರಿ ಹೈಡ್ ಪಾರ್ಕರ್ ಧ್ವಜಸಂಕೇತ ಕಳಿಸಿದಾಗ, ದುರ್ಬೀನನ್ನು ಆ ಕುರುಡುಗಣ್ಣಿಗೆ ಹಿಡಿದು 'ಸಂಕೇತ ಕಾಣುತ್ತಿಲ್ಲ' ಎಂದನೆಂದು ಕಥೆ. ಜಾಣ ಕುರುಡಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ?

ರಂಗಭೂಮಿಯಿಂದ ಬಂದದ್ದು 'ಲೈಮ್‌ಲೈಟ್'. ಎಲ್ಲರ ಗಮನ ಸೆಳೆದವರು ಲೈಮ್‌ಲೈಟಿನಲ್ಲಿದ್ದಾರೆ ಎನ್ನುತ್ತೇವೆ. ಇಲ್ಲಿ ಲೈಮ್ ಎಂದರೆ ನಿಂಬೆಹಣ್ಣಲ್ಲ, ನಾವು ಎಲೆ ಅಡಿಕೆಯ ಜೊತೆ ಹಾಕಿಕೊಳ್ಳುವ ಸುಣ್ಣದ ಬಳಗ. ಸುಣ್ಣದ ತುಂಡನ್ನು ತೀವ್ರ ಉರಿಯಲ್ಲಿ ಕಾಯಿಸಿದರೆ ಕಣ್ಣು ಕೋರೈಸುವ ಬಿಳಿ ಬೆಳಕು ಹೊಮ್ಮುತ್ತದೆ. ವಿದ್ಯುದ್ದೀಪ ಬರುವ ಮುನ್ನ, ಹತ್ತೊಂಬತ್ತನೇ ಶತಮಾನದ ನಾಟಕಶಾಲೆಗಳಲ್ಲಿ ಮುಖ್ಯ ನಟನ ಮೇಲೆ ಬೀಳುತ್ತಿದ್ದುದು ಆ ಬೆಳಕು. ಸುಣ್ಣದ ದೀಪ ಆರಿ ಎಷ್ಟೋ ಕಾಲವಾಯಿತು, ಮಾತು ಆರಲಿಲ್ಲ.

ಕ್ರಿಕೆಟ್ಟಿನ ವಿಷಯದಲ್ಲಂತೂ ನಮಗೆ ಪಾಠವೇ ಬೇಡ. 1858ರಲ್ಲಿ ಶೆಫೀಲ್ಡ್‌ನಲ್ಲಿ ಎಚ್.ಎಚ್. ಸ್ಟೀಫನ್‌ಸನ್ ಸತತ ಮೂರು ಚೆಂಡುಗಳಲ್ಲಿ ಮೂರು ವಿಕೆಟ್ ಪಡೆದಾಗ ಚಂದಾ ಎತ್ತಿ ಅವರಿಗೆ ಹ್ಯಾಟು ಕೊಡಿಸಿದರು. 'ಹ್ಯಾಟ್ರಿಕ್' ಎಂಬ ಮಾತಿನ ಹಿಂದೆ ಇರುವುದು ಆ ಹ್ಯಾಟು. ಇಂದು ಮೂರನೇ ಬಾರಿ ಗೆದ್ದ ಶಾಸಕರದ್ದೂ ಹ್ಯಾಟ್ರಿಕ್. 'ಆನಂದ್', 'ರಥಸಪ್ತಮಿ', 'ಮನಮೆಚ್ಚಿದ ಹುಡುಗಿ' ಹೀಗೆ ಮೊದಲ ಮೂರೂ ಚಿತ್ರಗಳು ಗೆದ್ದದ್ದರಿಂದ ಶಿವರಾಜ್‌ಕುಮಾರ್ ಕನ್ನಡಿಗರಿಗೆ 'ಹ್ಯಾಟ್ರಿಕ್ ಹೀರೋ' ಆದರು. 'ಆನ್ ಎ ಸ್ಟಿಕಿ ವಿಕೆಟ್' ಎಂದರೆ ಇಕ್ಕಟ್ಟಿನಲ್ಲಿ ಸಿಲುಕುವುದು. ಹಿಂದೆ ಪಿಚ್ಚಿಗೆ ಹೊದಿಕೆ ಹಾಕುತ್ತಿರಲಿಲ್ಲ. ಮಳೆಯಲ್ಲಿ ನೆನೆದ ನೆಲ ಬಿಸಿಲಿಗೆ ಒಣಗುತ್ತಿರುವಾಗ ಚೆಂಡು ಹೇಗೆ ಪುಟಿಯುತ್ತದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಈ ಚಿತ್ರ ಒಮ್ಮೆ ಮನಸ್ಸಿನಲ್ಲಿ ಕುಳಿತರೆ ಬಾಯಿಪಾಠದ ಅಗತ್ಯವೇ ಇಲ್ಲ.

ಕಡಲು, ರಂಗ, ಆಟಗಳಲ್ಲದೆ ಇಂಗ್ಲಿಷಿಗೆ ಧಾರಾಳವಾಗಿ ನುಡಿಗಟ್ಟು ಕೊಟ್ಟ ಇನ್ನೊಂದು ಮೂಲ ಬೈಬಲ್. 1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಅನುವಾದದಲ್ಲಿ ಕಾಣಬರುವ, ಇಂದಿನ ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ 257 ಪ್ರಯೋಗಗಳನ್ನು ಭಾಷಾವಿಜ್ಞಾನಿ ಡೇವಿಡ್ ಕ್ರಿಸ್ಟಲ್ 2010ರಲ್ಲಿ ಪಟ್ಟಿ ಮಾಡಿದರು. ಅವುಗಳ ಪೈಕಿ ಒಂದು 'ದ ರೈಟಿಂಗ್ ಆನ್ ದ ವಾಲ್'. ನಮ್ಮ ಊರುಗಳಲ್ಲಿ ಗೋಡೆಬರಹವೆಂದರೆ ಚುನಾವಣೆಯ ಘೋಷಣೆ ನೆನಪಾಗುತ್ತದೆ. ಆದರೆ ಮೂಲದಲ್ಲಿ ಅದು ಔತಣದ ನಡುವೆ ಬ್ಯಾಬಿಲೋನಿನ ದೊರೆಯ ಅರಮನೆ ಗೋಡೆಯ ಮೇಲೆ ಮೂಡಿದ, ಆತನ ಪತನವನ್ನು ಸಾರಿದ ಬರಹ. ಆದ್ದರಿಂದ ಅದು ಬರಲಿರುವ ಕೇಡಿನ ಸ್ಪಷ್ಟ ಸೂಚನೆ.

ನಮ್ಮಿಂದ ಹೋದದ್ದು, ನಮ್ಮಲ್ಲಿಗೆ ಬಂದದ್ದು

ಇಂಗ್ಲಿಷ್ ನಮಗೆ ಕೊಟ್ಟದ್ದಷ್ಟೇ ಅಲ್ಲ, ನಮ್ಮಿಂದ ಪಡೆದದ್ದೂ ಇದೆ. 'ಹ್ಯಾವ್ ಎ ಡೆಕ್ಕೋ' ಎಂದರೆ ಒಮ್ಮೆ ನೋಡು ಎಂದರ್ಥ. ಬ್ರಿಟಿಷ್ ಸೈನಿಕರು ಹಿಂದಿಯ 'ದೇಖೋ' ಎಂಬುದನ್ನು ಊರಿಗೆ ಒಯ್ದ ಫಲ ಇದು. ನಾಸಿಕದ ಬಳಿಯ ದೇವಳಾಲಿಯಲ್ಲಿ ಬ್ರಿಟಿಷ್ ಸೇನೆಯ ಶಿಬಿರವಿತ್ತು. ಸ್ವದೇಶಕ್ಕೆ ಮರಳುವ ಹಡಗಿಗಾಗಿ ಸೈನಿಕರು ಅಲ್ಲಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಬಿಸಿಲು, ಬೇಸರ, ಜ್ವರಗಳಿಂದ ಕಂಗೆಟ್ಟವರನ್ನು ಕುರಿತು 'ದೂಲಾಲಿ ತಾಪ್' ಎಂಬ ಮಾತು ಹುಟ್ಟಿತು. ತಾಪ್ ಎಂದರೆ ಜ್ವರ. ತಲೆ ಕೆಟ್ಟವನನ್ನು ಬ್ರಿಟನ್ನಿನಲ್ಲಿ ಈಗಲೂ 'ದೂಲಾಲಿ' ಎನ್ನುವುದುಂಟು. ನಮ್ಮ ರಾಜಧಾನಿಯೂ ಹಿಂದೆ ಬಿದ್ದಿಲ್ಲ. 2000ದ ನಂತರದ ವರ್ಷಗಳಲ್ಲಿ ಅಮೆರಿಕದ ಕೆಲಸಗಳು ಇಲ್ಲಿಗೆ ವರ್ಗವಾದಾಗ, ಉದ್ಯೋಗ ಕಳೆದುಕೊಂಡವರು 'ಬ್ಯಾಂಗಲೋರ್ಡ್' ಆದರು ಎಂಬ ಪ್ರಯೋಗ ಅಲ್ಲಿ ಚಾಲ್ತಿಗೆ ಬಂತು. 2014ರ ನವೆಂಬರ್ 1ರಂದು ಊರಿನ ಹೆಸರು ಬೆಂಗಳೂರು ಎಂದು ಅಧಿಕೃತವಾಗಿ ಬದಲಾದರೂ ಆ ಮಾತಿನಲ್ಲಿ ಹಳೆಯ ಹೆಸರೇ ಉಳಿದಿದೆ.

ಅತ್ತಿಂದ ಇತ್ತ ಬಂದವುಗಳಿಗೆ ನಮ್ಮ ಪತ್ರಿಕೆಗಳೇ ಹೆಬ್ಬಾಗಿಲು. 'ಕೆಂಪುಪಟ್ಟಿ', 'ಬಿಳಿಯಾನೆ', 'ಶೀತಲ ಸಮರ', 'ಹಸಿರು ನಿಶಾನೆ', 'ಬೆಳಕು ಚೆಲ್ಲು' ಇವೆಲ್ಲ ಇಂಗ್ಲಿಷಿನಿಂದ ಅನುವಾದವಾಗಿ ಬಂದು ಕನ್ನಡವೇ ಆಗಿಹೋದ ಮಾತುಗಳು. ಸರಕಾರಿ ಕಾಗದಪತ್ರಗಳನ್ನು ಕೆಂಪು ಬಟ್ಟೆಯ ಪಟ್ಟಿಯಿಂದ ಕಟ್ಟುವ ರೂಢಿ ಬ್ರಿಟನ್ನಿನಲ್ಲಿತ್ತು. ಕಡತ ನಮ್ಮಲ್ಲೂ ಬಿಗಿಯಾಗಿಯೇ ಕಟ್ಟಿಕೊಂಡಿದ್ದರಿಂದ ಮಾತು ಸುಲಭವಾಗಿ ಒಗ್ಗಿಕೊಂಡಿತು. ನೀವು ಪ್ರತಿದಿನ ಕನ್ನಡ ಪತ್ರಿಕೆ ಓದುವವರಾದರೆ, ಹತ್ತಾರು ಇಂಗ್ಲಿಷ್ ನುಡಿಗಟ್ಟುಗಳು ನಿಮಗೆ ಗೊತ್ತಿಲ್ಲದಂತೆಯೇ ಗೊತ್ತಿವೆ ಎಂದಾಯಿತು.

ಒಂದು ಮಾತು, ಎರಡು ದೇಶ

ಈಗ ಬೆಂಗಳೂರಿನ ಅನೇಕ ಕಚೇರಿಗಳಲ್ಲಿ ಕೇಳಿಬರುವುದು ಬ್ರಿಟನ್ನಿನ ಇಂಗ್ಲಿಷ್ ಮಾತ್ರವಲ್ಲ, ಅಮೆರಿಕದ್ದೂ ಹೌದು. ಅಲ್ಲಿ ಕ್ರಿಕೆಟ್ಟಿನ ಜಾಗದಲ್ಲಿ ಬೇಸ್‌ಬಾಲ್ ಕುಳಿತಿದೆ. 'ಬಾಲ್‌ಪಾರ್ಕ್ ಫಿಗರ್' ಎಂದರೆ ಅಂದಾಜು ಲೆಕ್ಕ. 'ಟಚ್ ಬೇಸ್' ಎಂದರೆ ಸಂಪರ್ಕಿಸಿ ಎರಡು ಮಾತಾಡುವುದು. ಅವರ 'ಕರ್ವ್ ಬಾಲ್' ನಮ್ಮ ಗೂಗ್ಲಿಗೆ ಹತ್ತಿರ. ಬೇಸ್‌ಬಾಲ್ ಪಂದ್ಯ ಮಳೆಯಿಂದ ನಿಂತರೆ ಇನ್ನೊಂದು ದಿನ ಬಂದು ನೋಡಲು ಚೀಟಿ ಕೊಡುತ್ತಿದ್ದರು. ಆದ್ದರಿಂದ ಊಟಕ್ಕೆ ಕರೆದಾಗ 'ಐ ವಿಲ್ ಟೇಕ್ ಎ ರೇನ್ ಚೆಕ್' ಎಂದರೆ, ಇವತ್ತು ಬೇಡ, ಇನ್ನೊಮ್ಮೆ ಖಂಡಿತ ಬರುತ್ತೇನೆ ಎಂದು. ಹೊರಗೆ ಮಳೆ ಬರುತ್ತಿದೆಯೇ ಎಂದು ಕಿಟಕಿಯತ್ತ ನೋಡಬೇಕಾಗಿಲ್ಲ.

ಒಂದೇ ಮಾತು ಎರಡು ದೇಶಗಳಲ್ಲಿ ತಲೆಕೆಳಗಾಗುವುದೂ ಉಂಟು. ಒಂದು ವಿಷಯವನ್ನು 'ಟೇಬಲ್' ಮಾಡುವುದೆಂದರೆ ಬ್ರಿಟನ್ನಿನಲ್ಲಿ ಈಗಲೇ ಚರ್ಚೆಗೆ ಎತ್ತಿಕೊಳ್ಳುವುದು, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಸೇನಾಧಿಕಾರಿಗಳು ಈ ಒಂದು ಪದಕ್ಕಾಗಿ ಬಹಳ ಹೊತ್ತು ಜಗಳವಾಡಿ, ಕೊನೆಗೆ ಇಬ್ಬರೂ ಬಯಸಿದ್ದು ಒಂದನ್ನೇ ಎಂದು ಕಂಡುಕೊಂಡ ಪ್ರಸಂಗವನ್ನು ಚರ್ಚಿಲ್ ತಮ್ಮ ಯುದ್ಧದ ಇತಿಹಾಸದಲ್ಲಿ ಬರೆದಿದ್ದಾರೆ. ಇಂಗ್ಲಿಷನ್ನೇ ಹುಟ್ಟುಭಾಷೆಯಾಗಿ ಉಳ್ಳವರೂ ನುಡಿಗಟ್ಟಿನಲ್ಲಿ ಎಡವುತ್ತಾರೆಂದ ಮೇಲೆ ನಾವು ನಾಚಿಕೊಳ್ಳುವುದೇಕೆ?

ನಮ್ಮದೇ ಇಂಗ್ಲಿಷಿನ ಕೆಲವು ಮಾತುಗಳಿವೆ. 'ಔಟ್ ಆಫ್ ಸ್ಟೇಷನ್', 'ಡು ದ ನೀಡ್‌ಫುಲ್' ಇಂಥವು. ಭಾರತದೊಳಗೆ ಎಲ್ಲರಿಗೂ ಅರ್ಥವಾಗುತ್ತವೆ. ಇವು ತಪ್ಪು ಎಂದು ಹೀಗಳೆಯಬೇಕಾಗಿಲ್ಲ. ಹೊರದೇಶದವರೊಡನೆ ಮಾತಾಡುವಾಗ ಮಾತ್ರ ಅವರಿಗೆ ತಿಳಿಯದಿರಬಹುದು ಎಂಬ ಅರಿವಿದ್ದರೆ ಸಾಕು.

ಯಾರಿಗೆ, ಯಾವಾಗ

ನುಡಿಗಟ್ಟಿಗೆ ಅರ್ಥದಷ್ಟೇ ಮುಖ್ಯವಾದದ್ದು ಅದರ ತೂಕ. ಸತ್ತ ಎನ್ನಲು ಇಂಗ್ಲಿಷಿನಲ್ಲಿ 'ಕಿಕ್ ದ ಬಕೆಟ್' ಎಂಬ ಮಾತಿದೆ ಎಂದು ಎಲ್ಲ ಪಟ್ಟಿಗಳೂ ಹೇಳುತ್ತವೆ. ಆದರೆ ಅದು ನಮ್ಮ 'ಗೊಟಕ್ ಅಂದ' ಎಂಬುದರ ಸಾಟಿ ಎಂದು ಬಹುತೇಕ ಪಟ್ಟಿಗಳು ಹೇಳುವುದಿಲ್ಲ. ಸಹೋದ್ಯೋಗಿಯ ತಂದೆ ತೀರಿಕೊಂಡಾಗ ಸಂತಾಪ ಹೇಳಲು ಹೋಗಿ ಯಾರಾದರೂ 'ಗೊಟಕ್ ಅಂದರಂತೆ' ಎನ್ನುತ್ತಾರೆಯೇ? ಅಲ್ಲಿ 'ತೀರಿಕೊಂಡರು', 'ದೈವಾಧೀನರಾದರು' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಆ ಜಾಗಕ್ಕೆ 'ಪಾಸ್ಡ್ ಅವೇ' ಇದೆ. ಅರ್ಥ ಒಂದೇ, ತೂಕ ಬೇರೆ. ಪಟ್ಟಿ ನಂಬಿ ಹೋದವರು ಮನಸ್ಸು ನೋಯಿಸಿ ಬರುವ ಅಪಾಯ ಇಲ್ಲಿದೆ.

ವಯಸ್ಸೂ ಅಷ್ಟೇ. ಮಳೆಯ ವಿಷಯ ಬಂದರೆ 'ಇಟ್ ಈಸ್ ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಎನ್ನಬೇಕೆಂದು ನಮ್ಮ ತಲೆಮಾರುಗಳೇ ಕಲಿತಿವೆ. ಜೊನಾಥನ್ ಸ್ವಿಫ್ಟ್ ಅದನ್ನು ಬಳಸಿದ್ದು 1738ರಲ್ಲಿ. ಅದೂ ಸವೆದುಹೋದ ಮಾತುಗಳನ್ನೇ ಆಡುವ ಜನರನ್ನು ಗೇಲಿ ಮಾಡುವ ಕೃತಿಯಲ್ಲಿ. ಹುಲ್ಲಿನ ಮಾಡಿನಿಂದ ನಾಯಿ ಬೆಕ್ಕುಗಳು ಜಾರಿ ಬೀಳುತ್ತಿದ್ದವು ಎಂಬ ವಿವರಣೆ ಬರೀ ಕಟ್ಟುಕಥೆ. ಇಂದು 'ಇಟ್ಸ್ ಪೋರಿಂಗ್' ಎಂದರೆ ಸಾಕು, ಅದೇ ಸಹಜ. ಮೊದಲನೆಯದನ್ನು ತಿಳಿದಿರಿ, ಎರಡನೆಯದನ್ನು ಆಡಿ.

ಹಾಗಾದರೆ ಕಲಿಯುವುದು ಹೇಗೆ? ಮೊದಲು ಕಿವಿ, ಆಮೇಲೆ ಬಾಯಿ. ನುಡಿಗಟ್ಟುಗಳನ್ನು ಆಡದೆಯೂ ಒಳ್ಳೆಯ ಇಂಗ್ಲಿಷ್ ಮಾತಾಡಬಹುದು. ಆದರೆ ತಿಳಿಯದೆ ಇದ್ದರೆ ಇತರರ ಮಾತು ಅರ್ಧ ಮಾತ್ರ ಕೇಳಿಸುತ್ತದೆ. ಕ್ರಿಕೆಟ್ ವೀಕ್ಷಕ ವಿವರಣೆ, ಸುದ್ದಿ ವಾಹಿನಿ, ಚಲನಚಿತ್ರ ಯಾವುದಾದರೂ ಸರಿ, ಕೇಳಿ. ಎಲ್ಲ ಪದ ಗೊತ್ತಿದ್ದೂ ಅರ್ಥವಾಗದ ಮಾತು ಬಂದರೆ ಇಡೀ ವಾಕ್ಯವನ್ನು ಬರೆದುಕೊಳ್ಳಿ. ಯಾರು ಯಾರಿಗೆ ಹೇಳಿದರು ಎಂದೂ ಬರೆಯಿರಿ. ನಂತರ ಕಲಿಯುವವರಿಗಾಗಿಯೇ ಇರುವ ನಿಘಂಟು ತೆರೆಯಿರಿ. ಅದರಲ್ಲಿ ಮುಖ್ಯ ಪದದ ವಿವರಣೆಯ ಕೊನೆಯಲ್ಲಿ ನುಡಿಗಟ್ಟುಗಳನ್ನು ಪ್ರತ್ಯೇಕವಾಗಿ ಕೊಟ್ಟಿರುತ್ತಾರೆ. ಇಂಥ ನಿಘಂಟಿನ ಹುಟ್ಟೇ ಒಂದು ಸಮಾಧಾನದ ಕಥೆ. ಎ.ಎಸ್. ಹಾರ್ನ್‌ಬಿ ಮತ್ತು ಅವರ ಇಬ್ಬರು ಸಂಗಡಿಗರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಾ, ಅಲ್ಲಿನ ವಿದ್ಯಾರ್ಥಿಗಳ ತೊಡಕುಗಳನ್ನು ನೋಡಿ ನಿಘಂಟು ಸಿದ್ಧಪಡಿಸಿದರು. 1942ರಲ್ಲಿ ಟೋಕಿಯೋದಲ್ಲಿ ಅಚ್ಚಾದ ಅದೇ ಮುಂದೆ ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿಯಾಗಿ ಬೆಳೆಯಿತು. ನಿಮ್ಮಂಥವರ ಕಷ್ಟವೇ ಆ ಪುಸ್ತಕಕ್ಕೆ ಮೂಲ.

ವಾರಕ್ಕೆ ಐದು ಸಾಕು. ಪ್ರತಿಯೊಂದರ ಎದುರಿಗೆ ಅದರ ಕನ್ನಡ ಜೋಡಿ, ಅದು ಹುಟ್ಟಿದ ಕಸುಬು, ಅದನ್ನು ಆಡಬಹುದಾದ ಜಾಗ ಇಷ್ಟನ್ನು ಬರೆಯಿರಿ. ವರ್ಷಕ್ಕೆ ಇನ್ನೂರೈವತ್ತರಷ್ಟಾಯಿತು. ದಿನಬಳಕೆಗೆ ಅದು ಧಾರಾಳ. ಒಂದೇ ಸಂಭಾಷಣೆಯಲ್ಲಿ ನಾಲ್ಕಾರು ನುಡಿಗಟ್ಟು ತುರುಕಬೇಡಿ. ಒಗ್ಗರಣೆಗೆ ಸಾಸಿವೆ ಬೇಕು ನಿಜ, ಸಾಸಿವೆಯೇ ಊಟವಾಗಬಾರದು.

ಕೊನೆಯದಾಗಿ, ನಾನು ಹೇಳಿದ ಎಲ್ಲ ನುಡಿಗಟ್ಟುಗಳನ್ನೂ ನೀವು ಮರೆತರೂ ಚಿಂತೆಯಿಲ್ಲ, ಒಂದು ವಾಕ್ಯವನ್ನು ಮರೆಯಬೇಡಿ: 'ಸಾರಿ, ವಾಟ್ ಡಸ್ ದಟ್ ಮೀನ್?' ಇದನ್ನು ಕೇಳಲು ಧೈರ್ಯ ಮಾಡಿದವರು ಆ ಕ್ಷಣವೇ ಒಂದು ಹೊಸ ಮಾತು ಕಲಿಯುತ್ತಾರೆ, ಸಭೆಯಲ್ಲಿ ತಮ್ಮ ಜಾಗವನ್ನೂ ಉಳಿಸಿಕೊಳ್ಳುತ್ತಾರೆ. ಸುಮ್ಮನೆ ನಕ್ಕು ತಲೆಯಾಡಿಸಿದವರಿಗೆ ಎರಡೂ ಇಲ್ಲ. ಭಾಷೆ ಬಾರದಿರುವುದು ಅವಮಾನವಲ್ಲ. ಕೇಳಲು ಸಂಕೋಚಪಟ್ಟು ತಿಳಿದ ವಿಷಯವನ್ನೂ ಹೇಳದೆ ಉಳಿಯುವುದು ಮಾತ್ರ ನಷ್ಟ. ಆ ನಷ್ಟ ನಿಮಗೆ ಆಗದಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.